ರೇಡಿಯೇಟರಿಗೆ ಸುರಿದ ನೀರು

ಕಾದ ರೇಡಿಯೇಟರಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಗಂಟಲು ಒಣಗುತ್ತದೆ.

ಆ ಮಧ್ಯಾಹ್ನ ಅಜ್ಜಿ, ತಂಗಿ, ನಾನು ಕೂತಿದ್ದ ಅಪ್ಪನ ಲಾರಿ ಊರಿಗಾಂ ದಾಟಿ, ಚಿನ್ನ ತೆಗೆದ ಮೇಲೆ ಉಳಿದ ಗಣಿಯ ವಿಷಮಣ್ಣು ಸುರಿದ ಸಯನೈಡ್ ಗುಡ್ಡದ ಪಕ್ಕ ಹಬೆಯುಗುಳುತ್ತಾ ನಿಂತಿತು. ಗುಡ್ಡದ ಬುಡದ ಹೊಂಡದಲ್ಲಿ ತಿಳಿನೀರು ಹೊಳೆಯುತ್ತಿತ್ತು. ಅಜ್ಜಿ ಅದನ್ನೇ ತೋರಿಸಿದಳು.

"ಅದು ಬ್ಯಾಡ ಕಣಮ್ಮಾ, ರೇಡಿಯೇಟರನ್ನೇ ತಿಂದಾಕ್ತದೆ," ಎಂದ ಅಪ್ಪ. ಎಂಜಿನ್ ಆರುವವರೆಗೆ ಕಾದು, ನಾವು ಕುಡಿಯಲು ತಂದಿದ್ದ ಬಾವಿನೀರಿನ ಬಿಂದಿಗೆಯನ್ನು ಒಂದು ಹನಿಯೂ ಚೆಲ್ಲದಂತೆ ರೇಡಿಯೇಟರಿಗೆ ಬಗ್ಗಿಸಿದ.

"ಮಕ್ಕಳಿಗೇನ್ಲಾ?" ಎಂದಳು ಅಜ್ಜಿ.

"ಬಂಗಾರಪೇಟೇಗ್ ಓಗಿ ಕುಡೀತಾವೆ ಬುಡು."

ಲಾರಿ ಮತ್ತೆ ಗುರುಗುಟ್ಟಿತು. ಅಪ್ಪ ಹಾರನ್ ಒತ್ತಿದ. ಗುಡ್ಡದ ಕಡೆಯಿಂದ ತಂಗಿ ಓಡಿಬಂದು ನನ್ನ ಪಕ್ಕ ಹತ್ತಿ ಕೂತಳು. ಅವಳ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಣ್ಣಗೈತೆ ಕಣಕ್ಕಾ," ಎಂದಳು ನಗುತ್ತಾ.