ಮದ್ದಿಗಿಂತ ಮುಂದೆ

“ಮುಳುಗೋ ಮುಂಚೆ ನಾವೂ ಹೀಗೇ ಉಸಿರು ತುಂಬ್ಕೋತೀವಿ ಡಾಕ್ಟ್ರೇ,” ಎಂದಳು, ಜೆಜು ದ್ವೀಪದ ಕಡಲಲ್ಲಿ ಮುಳುಗಿ ಚಿಪ್ಪು ಹೆಕ್ಕುವ ಸೋರಾ, ಆಮ್ಲಜನಕದ ಮಾಸ್ಕಿನೊಳಗಿಂದ. ಹೊಟ್ಟೆಯಲ್ಲಿ ಕೂಸಿನ ಎದೆಬಡಿತ ಇಳಿಯುತ್ತಿತ್ತು. ಕೂಡಲೇ ಹೊಟ್ಟೆ ಕೊಯ್ದು ಅದನ್ನು ಹೊರತೆಗೆಯಬೇಕಿತ್ತು. “ನಂಗೆ ಕೊಡೋ ಮದ್ದು ಮಗೂಗೂ ನಿದ್ದೆ ಬರಿಸುತ್ತಾ?”

“ಮಗೂಗೆ ಮದ್ದು ಹತ್ತೋದ್ರೊಳಗೆ ಎತ್ಕೊಂಡ್ಬಿಡ್ತೀವಮ್ಮ.” ಅರಿವಳಿಕೆ ವೈದ್ಯೆ ಹ್ಯೋನ್ ಹಾಲಿನಂಥ ಮದ್ದನ್ನು ನರಕ್ಕೆ ಬಿಟ್ಟಳು. ಸೋರಾಳ ರೆಪ್ಪೆಗಳು ಮುಚ್ಚಿದವು.

ಮಗು ಹೊರಬಂತು, ಅಳಲಿಲ್ಲ. ಮದ್ದೇ ಮುಂದೆ ಓಡಿ ಕೂಸನ್ನು ಮಲಗಿಸಿತೇ ಎಂದು ಹ್ಯೋನ್ ಕತ್ತು ಚಾಚಿ ನೋಡಿದಳು.

ಬೆನ್ನುಜ್ಜುತ್ತಿದ್ದ ನರ್ಸು ಕೂಸನ್ನು ಹತ್ತಿರ ತಂದಳು. “ಮಲಗಿಲ್ಲ ಡಾಕ್ಟ್ರೇ, ಇಲ್ನೋಡಿ.”

ಹೆಣ್ಣುಕೂಸು ಮೆಲ್ಲಗೆ ಉಸಿರಾಡುತ್ತ, ಕಪ್ಪು ಕಣ್ಣುಗಳನ್ನು ಅಗಲಕ್ಕೆ ತೆರೆದು ನೋಡುತ್ತಿತ್ತು. ಈಗಷ್ಟೇ ಒಂದೇ ಮೈಯಾಗಿದ್ದವರಲ್ಲಿ ಒಬ್ಬಳು ಗಾಢ ನಿದ್ದೆಯಲ್ಲಿದ್ದಳು, ಇನ್ನೊಬ್ಬಳು ಎಚ್ಚರವಾಗಿದ್ದಳು. ಹಿರಿಯರಿಗೆ ಬಾಗುವಂತೆ ಹ್ಯೋನ್, ತನ್ನ ಮದ್ದನ್ನು ಹಿಂದಿಕ್ಕಿ ಬಂದ ಆ ಕೂಸಿಗೆ ತಲೆಬಾಗಿದಳು.