ಕರ್ಚೀಫು ಪಾದ್ರಿ

“ಮನಸ್ಸು ಒಡೆದವರು ಯಾರಿದ್ದೀರಿ, ಮುಂದಕ್ಕೆ ಬನ್ನಿ. ಉಳಿದವರೆಲ್ಲ ಕಣ್ಣು ಮುಚ್ಚಿಕೊಳ್ಳಿ. ಯಾರೂ ಯಾರನ್ನೂ ನೋಡೋದು ಬೇಡ,” ಎಂದು ಕರೆದು ಪಾದ್ರಿ ತಾವೂ ಕಣ್ಣು ಮುಚ್ಚಿದರು. ದೇವರ ವಾಕ್ಯದ ಪ್ರಸಂಗ ಮುಗಿದ ಮೇಲೆ ಹೀಗೆ ಕರೆಯುವುದು ಆ ಸಭೆಯ ರೂಢಿ. ಇವತ್ತಿನ ಪ್ರಸಂಗವಂತೂ ಅವರಿಗೇ ಬಹಳ ಹಿಡಿಸಿಬಿಟ್ಟಿತ್ತು. ಪಾಪವೆಂಬ ರೋಗ, ಯೇಸುವೆಂಬ ವೈದ್ಯ, ದಾರಿ ತಪ್ಪಿದವರಿಗಾಗಿ ಬಾಗಿಲು ತೆರೆದಿಟ್ಟು ಕಾಯುವ ದೇವರು. ಮುಂದಿನ ಸಾಲಿನಲ್ಲಿ ಮೂಗು ಸೀಟುವ ಸದ್ದು ಕೇಳಿದಾಗಲೇ ಸಭೆ ಕೈಗೆ ಸಿಕ್ಕಿತು ಎಂದುಕೊಂಡಿದ್ದರು. ಜನ ಬೆನ್ನ ಹಿಂದೆ ತಮ್ಮನ್ನು ಕರ್ಚೀಫು ಪಾದ್ರಿ ಅನ್ನುತ್ತಾರೆಂದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದು ಒಳಗೊಳಗೇ ಉಬ್ಬುತ್ತಿದ್ದರು.

ಯಾರೋ ಬಂದು ಎದುರಿಗೆ ನಿಂತ ಸದ್ದಾಯಿತು. ಪಾದ್ರಿ ಕಣ್ಣು ತೆರೆಯದೆಯೇ ವೇದಿಕೆಯ ಮೇಲಿಂದ ಬಗ್ಗಿ ತಲೆಯ ಮೇಲೆ ಬಲಗೈ ಇಟ್ಟರು. ಹೇಳಿಕೊಳ್ಳುವವರ ಗುಟ್ಟು ಸಭೆಗೆಲ್ಲ ಕೇಳಿಸದಿರಲೆಂದು ಎಡಗೈಯಿಂದ ಕಾಲರಿನ ಮೈಕನ್ನು ಮುಚ್ಚಿದರು. ಕೈಗೆ ಸೆರಗು ತಗಲಿದ್ದರಿಂದ ಹೆಂಗಸು ಎಂದು ತಿಳಿಯಿತು.

“ಯಾರಿಂದ ನೋವಾಯ್ತು, ತಂಗೀ? ಹೇಳಿ. ಕರ್ತನ ಮುಂದೆ ಇಟ್ಟುಬಿಡೋಣ.”

“ನಿಮ್ಮಿಂದಾನೇ ರೀ.”

ಆ “ರೀ” ಕೇಳಿದ ಮೇಲೂ ಕಣ್ಣು ಮುಚ್ಚಿಕೊಂಡಿರಲು ಯಾವ ಗಂಡನಿಂದಲೂ ಆಗದು. ಎದುರಿಗೆ ಅವರ ಹೆಂಡತಿ ನಿಂತಿದ್ದಳು. ತಾಳಿ ಕಟ್ಟಿ ಕರೆತಂದವಳನ್ನು ತಂಗಿ ಎಂದು ಕರೆದದ್ದಕ್ಕೆ ನಾಚಿಕೊಳ್ಳುವಷ್ಟೂ ಪುರುಸೊತ್ತು ಸಿಗಲಿಲ್ಲ. “ನೀನ್ಯಾಕೆ ಇಲ್ಲಿಗೆ ಬಂದೆ?” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು.

“ಮನೇಲಿ ನಾನು ಹೇಳೋದನ್ನ ನೀವು ಕೇಳಲ್ಲ. ಇಲ್ಲಿಗೆ ಬಂದವರು ಎಂಥವರಾದ್ರೂ ಕಿವಿ ಕೊಡ್ತೀರಿ. ಅದಕ್ಕೇ ಬಂದೆ.”

“ಮನೆಗೆ ಹೋಗಿ ಮಾತಾಡೋಣ, ನಡಿ.”

“ಮನೇಲಿ ಅವಳ ಹೆಸರು ಎತ್ತಬಾರದು ಅಂತ ಹೇಳಿದ್ದು ಯಾರು?”

ಅವಳು ಎಂದರೆ ಅವರ ಒಬ್ಬಳೇ ಮಗಳು. ತನಗೆ ಇಷ್ಟವಾದವನನ್ನು, ಸಭೆಯ ಹೊರಗಿನವನನ್ನು, ಅಪ್ಪನಿಗೆ ಹೇಳದೆ ಮದುವೆಯಾಗಿದ್ದಳು. ಅಂದಿನಿಂದ ಆ ಮನೆಯಲ್ಲಿ ಅವಳ ಸುದ್ದಿ ನಿಂತಿತ್ತು. ಈಗ ಅವಳಿಗೆ ಹೆರಿಗೆಯಾಗಿದೆ, ಕೂಸು ನೋಡಿ ಬರೋಣ ಎಂದು ಹೆಂಡತಿ ಬೆಳಗ್ಗೆ ಬಾಯಿ ತೆರೆದಾಗ ಪಾದ್ರಿ ತಲೆಯನ್ನೂ ಎತ್ತಿರಲಿಲ್ಲ. ಬೂಟಿಗೆ ಪಾಲಿಶ್ ಹಾಕುತ್ತಾ ಕೂತಿದ್ದರು. ಬಾಗಿಲು ತೆರೆದಿಟ್ಟು ಕಾಯುವ ದೇವರ ಬಗ್ಗೆ ಮಾತಾಡಲು ಹೊರಟವರ ಬೂಟು ಹೊಳೆಯದಿದ್ದರೆ ಹೇಗೆ?

ಪಕ್ಕದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ ಬಾಮೈದ ಒಂದೇ ರಾಗವನ್ನು ತಿರುಗಾ ಮುರುಗಾ ಬಾರಿಸುತ್ತಿದ್ದ. ಪಾದ್ರಿ “ಆಮೆನ್” ಅನ್ನುವ ತನಕ ನಿಲ್ಲಿಸುವ ಹಾಗಿಲ್ಲ. ಹೇಗಾದರೂ ಮುಗಿದರೆ ಸಾಕೆಂದು ಪಾದ್ರಿ ಮೈಕಿನಿಂದ ಕೈ ತೆಗೆದು ಬಾಯಿಪಾಠವಾದ ಪ್ರಾರ್ಥನೆಗೆ ಶುರುವಿಟ್ಟರು. “ಕರ್ತನೇ, ನಿನ್ನ ಈ ಮಗಳ ಒಡೆದ ಹೃದಯವನ್ನು ಗುಣಪಡಿಸು. ಇವಳನ್ನು ನೋಯಿಸಿದವನ ಕಲ್ಲು ಮನಸ್ಸನ್ನು...”

ನಾಲಿಗೆ ಅಲ್ಲೇ ನಿಂತಿತು. ಈ ಸಾಲನ್ನು ಎಷ್ಟೋ ಹೆಂಗಸರ ತಲೆಯ ಮೇಲೆ ಕೈಯಿಟ್ಟು ಹೇಳಿದ್ದರು. ಆ ಕಲ್ಲು ಮನಸ್ಸಿನವನು ಯಾವತ್ತೂ ಬೇರೆ ಬೀದಿಯವನೇ ಆಗಿರುತ್ತಿದ್ದ, ಕುಡುಕನೋ ಮೋಸಗಾರನೋ. ಅವನು ಪಾಲಿಶ್ ಬೂಟು ಹಾಕಿಕೊಂಡು, ಕಾಲರಿಗೆ ಮೈಕು ಸಿಕ್ಕಿಸಿಕೊಂಡು ವೇದಿಕೆಯ ಮೇಲೆ ನಿಂತಿರಬಹುದೆಂದು ಅವರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಲೋಕಕ್ಕೆಲ್ಲ ಔಷಧಿ ಹಂಚುತ್ತಾ ಬಂದಿದ್ದ ಕಾಂಪೌಂಡರು ತಾನು ಒಂದು ಗುಟುಕೂ ಕುಡಿದಿರಲಿಲ್ಲ.

ಪಾದ್ರಿ ವೇದಿಕೆಯಿಂದ ಇಳಿದು ಹೆಂಡತಿಯ ಪಕ್ಕದಲ್ಲಿ ನಿಂತರು. ಅಲ್ಲಿಂದ ನೋಡಿದರೆ ವೇದಿಕೆ ಬಹಳ ಎತ್ತರ ಕಂಡಿತು. ಅದರ ಹಿಂದಿನ ಗೋಡೆಯ ಮೇಲಿದ್ದ ಶಿಲುಬೆಯನ್ನು ಅವರು ಎದುರಿಗೆ ನಿಂತು ನೋಡಿ ಎಷ್ಟು ಕಾಲವಾಗಿತ್ತೋ. ದಿನಾ ಅದಕ್ಕೆ ಬೆನ್ನು ಹಾಕಿ ನಿಲ್ಲುವುದೇ ಅವರ ಕೆಲಸ. “ಯೇಸಪ್ಪಾ, ತಪ್ಪಾಯ್ತು,” ಎಂದರು. ಪ್ರಸಂಗದ ಗಂಟಲು ಎಲ್ಲಿ ಹೋಯಿತೋ, ಪೆಟ್ಟು ತಿಂದ ಹುಡುಗನ ದನಿ ಬಂತು. ಅಷ್ಟು ಅಂದದ್ದೇ ತಡ, ಮಗಳು ಹೋದಂದಿನಿಂದ ಎದೆಯಲ್ಲಿ ಬಿಗಿದುಕೊಂಡಿದ್ದದ್ದು ಸಡಿಲವಾಗಿ ಅಳು ಉಕ್ಕಿ ಬಂತು. ಇಷ್ಟು ಸುಲಭವಾಗಿ ಸಿಗುವ ಕ್ಷಮೆಯನ್ನು ಇಷ್ಟು ಕಷ್ಟಪಟ್ಟು ದೂರ ಇಟ್ಟಿದ್ದೆನಲ್ಲ ಎಂದು ತಮ್ಮ ಮೇಲೆಯೇ ನಗುವೂ ಬಂತು.

“ಆಯ್ತಾ ಪ್ರಾರ್ಥನೆ?” ಎಂದಳು ಹೆಂಡತಿ.

“ಇನ್ನೂ ಸ್ವಲ್ಪ ಇದೆ ಕಣೇ.”

“ಸಾಕು. ದೇವರಿಗೆ ಕೇಳಿಸ್ತು. ಈಗ ಅವಳಿಗೆ ಕೇಳಿಸಿ.” ಅವಳು ಬ್ಯಾಗಿನಿಂದ ಫೋನು ತೆಗೆದು, ಮಗಳ ನಂಬರು ಒತ್ತಿ, ಸ್ಪೀಕರ್ ಹಾಕಿ ಗಂಡನ ಕೈಗೆ ಹಿಡಿಸಿದಳು.

 ಪಾದ್ರಿ ಫೋನನ್ನು ಎರಡು ಕೈಯಲ್ಲೂ ಹಿಡಿದು ಗದ್ದದ ಹತ್ತಿರ ತಂದರು. ಮಗಳ ದನಿ ಕಾಲರಿನ ಮೈಕಿಗೆ ಬಿದ್ದು, ಕಣ್ಣು ಮುಚ್ಚಿ ಕೂತಿದ್ದ ಸಭೆಗೆಲ್ಲ ಕೇಳಿಸಿತು.

“ಹೇಳಮ್ಮಾ. ಅಪ್ಪ ಹತ್ತಿರದಲ್ಲಿ ಇಲ್ಲ ತಾನೆ?”

“ಇಷ್ಟು ದಿನ ಇರಲಿಲ್ಲ, ಮಗಳೇ,” ಎಂದರು ಪಾದ್ರಿ.