ಒಂದು ಚಮಚ ಕಡಿಮೆ

ತೂಕ ಮತ್ತು ಅಳತೆ ಇಲಾಖೆಯ ಅಧಿಕಾರಿ ಬಾಗಿಲಿಗೆ ಬಂದಾಗ ಗಿರಿಜವ್ವ ಶೇಂಗಾ ಚಟ್ನಿಪುಡಿಯ ಪೊಟ್ಟಣಗಳನ್ನು ತುಂಬಿ ಅಂಟಿಸುತ್ತಿದ್ದಳು. ಮೇಲೆ ಇನ್ನೂರು ಗ್ರಾಂ ಎಂದು ಅಚ್ಚಾಗಿತ್ತು, ಒಳಗೆ ಅಷ್ಟಿರಲಿಲ್ಲ. ಪ್ರತಿ ಪೊಟ್ಟಣಕ್ಕೂ ಒಂದು ಚಮಚ ಕಡಿಮೆ ಹಾಕೆಂದು ಗಂಡ ಕಟ್ಟಪ್ಪಣೆ ಮಾಡಿದಂದಿನಿಂದ, ಕೆಲಸದ ಜೊತೆಗೆ ವಚನ ಹಾಡಿಕೊಳ್ಳುವುದನ್ನು ಅವಳು ಬಿಟ್ಟಿದ್ದಳು. ಕಡಿಮೆ ತುಂಬುತ್ತ ದೇವರ ಹೆಸರು ಹೇಳಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

"ಬರ್ರಿ ಸಾಹೇಬ್ರ, ಕೂಡ್ರಿ. ಏ, ಚಾ ಇಡು!" ಎನ್ನುತ್ತ ಗಂಡ, ಇಂಥ ದಿನಕ್ಕೆಂದೇ ಸರಿಯಾದ ತೂಕದ ಪೊಟ್ಟಣಗಳನ್ನು ತುಂಬಿಸಿಟ್ಟಿದ್ದ ಬುಟ್ಟಿಯನ್ನು ಮುಂದೆ ಸರಿಸಿದ. ಅಧಿಕಾರಿ ಅದರೊಳಗಿನ ಕೆಲವನ್ನು ತೂಗಿ ನೋಡಿದರು.

"ತೂಕ ಬರೋಬ್ಬರಿ ಐತಿ ಬಿಡ್ರಿ," ಎಂದು ಎದ್ದರು.

ಅವರು ಹೊಸ್ತಿಲು ದಾಟಿದರೆ ಈ ಜನ್ಮದಲ್ಲಿ ತನಗೆ ಈ ಪಾಪದಿಂದ ಬಿಡುಗಡೆಯಿಲ್ಲ ಎನಿಸಿತು ಗಿರಿಜವ್ವನಿಗೆ. ಗಂಡ ಕಣ್ಣು ಕೆಕ್ಕರಿಸುತ್ತಿದ್ದಂತೆಯೇ ತನ್ನ ಮುಂದಿದ್ದ ಪೊಟ್ಟಣಗಳನ್ನು ಎತ್ತಿ ಚಾಚಿದಳು.

"ಸಾಹೇಬ್ರ, ಅಂಗಡಿಗೆ ಹೋಗೋ ಮಾಲು ಇದು. ಇದನ್ನ ತೂಗ್ರಿ."

ಅಧಿಕಾರಿ ಒಂದನ್ನು ತೂಗಿದರು. ಮತ್ತೊಂದನ್ನು ತೂಗಿದರು. ಹುಬ್ಬು ಗಂಟಿಕ್ಕಿತು.

"ಎಲ್ಲಾ ಕಡಿಮಿ ಐತಲ್ಲ! ಕೇಸ್ ಹಾಕಬೇಕಾಗ್ತೈತಿ. ಮಾಲಕರು ಯಾರು?"

ಗಿರಿಜವ್ವ ಗಂಡನತ್ತ ನೋಡಿದಳು. ಅವನು ಸಾವಕಾಶವಾಗಿ ಕುರ್ಚಿಗೆ ಒರಗಿದ.

"ಇಕೀನ ರೀ ಸಾಹೇಬ್ರ. ಮನಿ ಲಕ್ಷ್ಮಿ ಹೆಸರಿಲೆ ಇದ್ರ ಛಲೋ ಅಂತ, ಲೈಸನ್ಸಿನ ಕಾಗದ ದೀಪಾವಳಿ ಪೂಜಿಗೆ ಇಟ್ಟಿದ್ದೆ. ಕಣ್ಣಿಗೊತ್ಕೊಂಡು ಸಹಿ ಹಾಕ್ಯಾಳ."